ಅಗಸಿಯಲ್ಲಿ ಕೆಡುವ ಗಾಡಿ

ನಟ್ಟು ಸಡಿಲವಿದ್ದರೆ ಗಾಲಿ ತಿರುಗುತ್ತಿತ್ತು, ಬಿಗಿ ಮಾಡಿದ ಕೂಡಲೇ ನಿಲ್ಲುತ್ತಿತ್ತು. ಬಿಚ್ಚಿ ಕೂರಿಸಿ, ಮತ್ತೆ ಬಿಚ್ಚಿ ಮತ್ತೆ ಕೂರಿಸಿದರೂ ಅದೇ ಹಣೆಬರಹ. ಸಿಂಧನೂರಿನ ತನ್ನ ಮನೆಯ ಮುಂದಿನ ಫರಸಿಕಲ್ಲಿನ ಮೇಲೆ ಗೋಣಿಚೀಲ ಹಾಸಿ ಕುಕ್ಕರಗಾಲಲ್ಲಿ ಕೂತಿದ್ದ ಗಂಗಾಧರ, ಅಪ್ಪನ ಹಳೆಯ ಎಜ್ದಿ ಬೈಕಿನ ಮುಂದಿನ ಗಾಲಿಯನ್ನು ಶತ್ರುವಿನ ಮುಖ ನೋಡುವಂತೆ ನೋಡುತ್ತಿದ್ದ. ಹೊಸ ಬ್ರೇಕ್ ಲೈನರು ಹಾಕಿದ್ದಾಯಿತು, ಬೇರಿಂಗಿಗೆ ಹೊಸ ಗ್ರೀಸು ತುಂಬಿದ್ದಾಯಿತು, ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದು ತಂತಿ ಉಜ್ಜಿದ್ದಾಯಿತು. ಎಲ್ಲ ಮಾಡಿಸಿಕೊಂಡು ಈಗ ತಿರುಗೆನೆಂದು ಹಟ ಹಿಡಿದು ನಿಂತಿದೆ. ಸಂಜೆಯೊಳಗೆ ಇದು ತಿರುಗಲೇಬೇಕು. ತಿರುಗಿದರೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು, ವಳಕಮದಿನ್ನಿಯ ದಾರಿ ಹಿಡಿದು, ಅದರಾಚೆಯ ತಮ್ಮೂರಿಗೆ ಹೋಗಿ, ಊರ ಹೆಬ್ಬಾಗಿಲು ಅಗಸಿಯೊಳಗಿಂದ ನುಗ್ಗಿ, ಗೌಡರ ಮನೆಯ ಕಟ್ಟೆಯ ಮುಂದೆ ಇಂಜಿನ್ ಚಾಲೂ ಇಟ್ಟುಕೊಂಡೇ, ಹೊಗೆ ಬಿಟ್ಟುಕೊಂಡೇ ದಾಟಬೇಕು. ಒಂದು ಸಲ, ಒಂದೇ ಸಲ. ನಾಳೆ ರಸ್ತೆ ಅಗಲ ಮಾಡಲು ಅಗಸಿ ಕೆಡವುತ್ತಾರಂತೆ, ಜೆಸಿಬಿ ಬಂದು ಆಗಲೇ ಊರ ಹೊರಗೆ ನಿಂತಿದೆಯಂತೆ. ಅಗಸಿಯೇ ಇಲ್ಲದ ಮೇಲೆ ಅದರೊಳಗಿಂದ ಹಾದುಹೋಗುವುದು ಎಲ್ಲಿಂದ ಬಂತು!

ಜಗುಲಿಯ ಕುರ್ಚಿಯಲ್ಲಿ ಅಪ್ಪ ಯಂಕೋಬ ಕೂತಿದ್ದ. ಕಾಲುವೆ ಇಲಾಖೆಯಲ್ಲಿ ಗ್ಯಾಂಗ್‌ಮನ್ ಆಗಿ ಜೀವ ತೇಯ್ದು, ಹೆಂಡತಿ ಗದ್ದೆಮ್ಮ ತೀರಿಕೊಂಡ ಮೇಲೆ ಮಗನ ಮನೆ ಸೇರಿದ್ದವನು. ಬೆಳಗಿನಿಂದ ಒಂದು ಮಾತಿಲ್ಲ. ಈ ಗಾಡಿಯ ಒಂದೊಂದು ಮೊಳೆಯೂ ಅವನಿಗೆ ಗೊತ್ತು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ರೆಡ್ಡಿ ಗದ್ದೆ ಮಾರಿ ತನ್ನೂರಿಗೆ ವಾಪಸು ಹೋಗುವಾಗ ಇವನಿಗೆ ಬಿಟ್ಟುಹೋದ ಗಾಡಿ ಅದು, ಇಡೀ ಕೇರಿಗೆ ಮೊದಲನೆಯದು. ಅಂಥವನು ಮಗ ಒದ್ದಾಡುವುದನ್ನು ನೋಡುತ್ತ ಸುಮ್ಮನೆ ಕೂತಿದ್ದಾನೆಂದರೆ ಏನರ್ಥ? ಕೇಳಿದರೆ ಹೇಳಿಯಾನು, ಆದರೆ ಕೇಳಲು ಗಂಗಾಧರನಿಗೆ ಮನಸ್ಸಿಲ್ಲ. ಇದೊಂದನ್ನಾದರೂ ಅಪ್ಪನನ್ನು ಕೇಳದೆ ಮಾಡಬೇಕು. ಬ್ರೇಕ್ ಕೇಬಲ್ ಹೆಚ್ಚು ಬಿಗಿಯಾಗಿರಬಹುದೆಂದು ಸಡಿಲು ಮಾಡಿದ. ಅದಲ್ಲ. ಬ್ರೇಕ್ ಪ್ಲೇಟಿನ ಅಂಚಿನ ಕಚ್ಚು ಫೋರ್ಕಿನ ಉಬ್ಬಿನಲ್ಲಿ ಕೂತಿದೆಯೋ ಇಲ್ಲವೋ ಎಂದು ಬೆರಳು ಹಾಕಿ ತಡವಿದ. ಅದು ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟೂ ಗಾಲಿಯ ಜೊತೆ ಸುತ್ತಿ ಆಳು ಮುಗ್ಗರಿಸಿ ಬೀಳುತ್ತಾನೆ. ಅದೂ ಸರಿಯಾಗಿಯೇ ಕೂತಿತ್ತು. ಮತ್ತೆ ಪಾನಾ ಹಿಡಿದು ಬಿಗಿ ಮಾಡಿದ. ನಟ್ಟು ಅರ್ಧ ಸುತ್ತು ಬರುವವರೆಗೆ ಗಾಲಿ ಸಲೀಸು, ಆಮೇಲೆ ಭಾರ, ಆಮೇಲೆ ಕಲ್ಲು. ಬಿಗಿಯಾಗಿ ಬದುಕುವವರ ಗತಿಯೇ ಇಷ್ಟು ಎಂದು ತನ್ನಷ್ಟಕ್ಕೆ ಅಂದುಕೊಂಡ, ಆಮೇಲೆ ಆ ಯೋಚನೆಯ ಜಂಬಕ್ಕೆ ತನಗೇ ಹೇಸಿಕೆಯಾಯಿತು.

ಲೈನರು ಮಸ್ಕಿಯ ದಸ್ತಗೀರ್‌ಸಾಬ್‌ನ ಅಂಗಡಿಯದು. ಲಿಂಗಸುಗೂರಿನ ಕಚೇರಿ ಮುಗಿಸಿ ದಿನಾ ಸಂಜೆ ಬರುವಾಗ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಹೋದ ವಾರ ಇಳಿದು, ಗುಡ್ಡದ ಕಡೆಯ ಆ ಓಣಿಗೆ ಹೋಗಿದ್ದ. ಕಣ್ಣು ಮಂಜಾದ ಮುದುಕ ಡಬ್ಬಿಯಿಂದ ಡಬ್ಬಿಗೆ ಕೈಯಾಡಿಸಿ ಹಳೆಯ ಸ್ಟಾಕಿನ ಜೋಡಿ ಹುಡುಕಿ ಕೊಟ್ಟು, 'ಯಂಕೋಬಣ್ಣನ ಮಗ ಏನ್ರಿ ನೀವು? ಆ ಗಾಡಿ ಅಂದ್ರ ಗಾಡಿ ನೋಡ್ರಿ. ಇಂಜಿನ್‌ಗೆ ಒಂದಿನ ಒಂದು ಬೀಮಾರಿ ಬಂದಿದ್ದಿಲ್ಲ. ಒಂದ ಕಿಕ್' ಎಂದಿದ್ದ. ಪಾಪ, ಹೊಗಳಿಕೆಯ ಮಾತು. ಗಂಗಾಧರನಿಗೆ ಮಾತ್ರ ಮುಖಕ್ಕೆ ಉಗಿದಂತಾಗಿತ್ತು. ಒಂದಿನ ಒಂದು ಬೀಮಾರಿ ಇಲ್ಲದ ಇಂಜಿನ್ನು ಊರಿಗೆ ಮರಳುವಾಗಲೆಲ್ಲ ಸರಿಯಾಗಿ ಅಗಸಿಯಲ್ಲೇ ಕೆಡುತ್ತಿತ್ತಲ್ಲ, ಸಾಬರೇ, ಅದಕ್ಕೆ ಏನು ಹೇಳುತ್ತೀರಿ?

ಅವನು ಹುಡುಗನಾಗಿದ್ದಾಗ, ಊರ ದಾರಿಯಲ್ಲಿ ಮೊದಲು ಕಾಲುವೆಯ ತೂಬು ಬರುತ್ತಿತ್ತು. ನೀರಿನ ಸದ್ದು, ಬತ್ತದ ಗದ್ದೆಯ ಹಸಿ ವಾಸನೆ, ಟ್ಯಾಂಕಿನ ಮೇಲೆ ಕೂತ ಅವನ ತೊಡೆಗೆ ಬಿಸಿ ತಗಡು. ತೂಬು ಬಂದ ಕೂಡಲೇ ಅಪ್ಪನ ಎಡಗೈ ಹ್ಯಾಂಡಲ್ ಬಿಟ್ಟು ಟ್ಯಾಂಕಿನ ಕೆಳಗೆ ಇಳಿಯುತ್ತಿತ್ತು, ಪೆಟ್ರೋಲು ಹರಿಸುವ ನಲ್ಲಿಯ ಕಾಕು ಮುಚ್ಚಿ ಮತ್ತೆ ಮೇಲೆ ಬರುತ್ತಿತ್ತು. ಎಷ್ಟು ಬರಾಬರಿ ಲೆಕ್ಕವೆಂದರೆ, ಕೊಳವೆಯಲ್ಲಿ ಉಳಿದ ಪೆಟ್ರೋಲು ತೀರಿ ಇಂಜಿನ್ನು ಕೆಮ್ಮಿ ಸಾಯುತ್ತಿದ್ದದ್ದು ಅಗಸಿಯ ಹೊಸ್ತಿಲಲ್ಲಿ, ಆಚೆಗೂ ಅಲ್ಲ ಈಚೆಗೂ ಅಲ್ಲ. ಅಪ್ಪ ಇಳಿದು ಚಪ್ಪಲಿ ಕೈಗೆ ತೆಗೆದುಕೊಂಡು ನೂಕುತ್ತಿದ್ದ. ಇವನು ಹಿಂದಿನಿಂದ, ಕೆಂಪು ಲೈಟಿಗೆ ಎರಡು ಕೈ ಕೊಟ್ಟು ನೂಕುತ್ತಿದ್ದ. ಕಟ್ಟೆಯ ಮೇಲೆ ಆದಪ್ಪಗೌಡ ಕೂತಿರುತ್ತಿದ್ದ. 'ಏನೋ ಯಂಕೋಬ, ಮತ್ತ ಕೆಟ್ಟಿತೇನೋ?' 'ಹೌದ್ರಿ ಧಣಿ, ಪ್ಲಗ್ಗಿಗೆ ಎಣ್ಣಿ ಹತ್ತೇತಿ.' 'ದೊಡ್ಡೋರ ಗಾಡಿ. ನಿಮ್ಮ ಕೈಗೆ ಒಗ್ಗಂಗಿಲ್ಲ ಬಿಡು.' 'ಖರೇ ಐತ್ರಿ ಧಣಿ.' ಗೌಡರ ಮನೆ ದಾಟಿ, ಹುಣಸೆಮರ ದಾಟಿ, ಕೇರಿಯ ತಿರುವಿಗೆ ಬಂದಮೇಲೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಕಾಕು ತೆರೆದು ಒದೆಯುತ್ತಿದ್ದ. ಒಂದೇ ಕಿಕ್ಕಿಗೆ ಚಾಲೂ. ಊರೆಲ್ಲ ಇದೊಂದು ನಗೆಮಾತಾಗಿತ್ತು. ಕೆಲಸಕ್ಕೆ ಬಾರದ ಎತ್ತಿಗೂ, ಮೊಂಡ ಮಗುವಿಗೂ 'ಯಂಕೋಬನ ಗಾಡಿ' ಎಂದು ಹೆಸರು ಬಿದ್ದಿತ್ತು. ಒಂದು ದಿನ ಇವನು, ಏನೂ ತಿಳಿಯದ ಹುಡುಗ, 'ಯಪ್ಪಾ, ನೀನ ಕಾಕು ಮುಚ್ಚಿದ್ಯಲ್ಲ' ಎಂದು ಗೌಡನ ಎದುರಿಗೇ ಕೇಳಿಬಿಟ್ಟಿದ್ದ. ಅಪ್ಪ ಕೇಳಿಸದವನಂತೆ ನೂಕಿದ. ಹುಣಸೆಮರ ದಾಟಿದ ಮೇಲೆ ಕಪಾಳಕ್ಕೆ ಬಿಟ್ಟ ಏಟು ಇವತ್ತಿಗೂ ಎಡಗಿವಿಯಲ್ಲಿ ಗುಂಯ್ ಎನ್ನುತ್ತದೆ.

'ಚಾ ಆರಾಕತ್ತೈತಿ ನೋಡ್ರಿ,' ಎಂದಳು ಸುಕನ್ಯಾ. ಹೆಂಡತಿ ಶಾಲೆಯ ಮಾಸ್ತರಿಣಿ, ರವಿವಾರ ಬಂತೆಂದರೆ ಮನೆಯನ್ನೂ ಕ್ಲಾಸಿನಂತೆ ನೋಡಿಕೊಳ್ಳುವವಳು. ಲೋಟ ಗೋಣಿಚೀಲದ ಪಕ್ಕಕ್ಕಿಟ್ಟು, ಮೇಲೆ ಗೋಡೆಗೆ ತೂಗುಹಾಕಿದ ಬುದ್ಧನ ಫೋಟೋದ ಕಡೆ ಒಮ್ಮೆ, ಗಂಡನ ಮಸಿಗೈಯ ಕಡೆ ಒಮ್ಮೆ ನೋಡಿದಳು. 'ಅಗಸಿ ನಾಳೆ ತಾನಾ ಬೀಳ್ತೈತಿ. ನೀವ್ಯಾಕ ಇವತ್ತು ಅದಕ್ಕ ತಲಿ ಹೊಡ್ಕೊಂತೀರಿ?'

ಅವಳಿಗೆ ಹೇಗೆ ಹೇಳುವುದು. ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಗೆ ಊರ ಕೇರಿಯವರು ಕರೆಸಿ, ಶಾಲು ಹೊದಿಸಿ, ಮೈಕು ಕೊಟ್ಟಿದ್ದರು. ನೌಕರಿಯವನು, ಓದಿದವನು, ನಾಕು ಮಾತು ಹೇಳಿ ಸರ್ ಎಂದಿದ್ದರು. ಹೇಳಿದ. ತಲೆ ಎತ್ತಿ ನಡೆಯಿರಿ, ಅಂಜಿಕೆ ಒಂದು ರೋಗ, ಅದನ್ನು ಮನೆಯಿಂದ ಹೊರಗೆ ಹಾಕಿರಿ ಎಂದೆಲ್ಲ ಜೋರಾಗಿ ಹೇಳಿದ. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಗಾದಿಲಿಂಗ ಎಂಬ ಆಟೋ ಹೊಡೆಯುವವನು ಎದ್ದುನಿಂತು, 'ಸರ್, ಒಂದು ಡೌಟ್. ನಿಮ್ಮಪ್ಪನ ಗಾಡಿ ಯಾಕ್ರೀ ದಿನಾ ಅಗಸ್ಯಾಗ ಕೆಡ್ತಿತ್ತು?' ಎಂದ. ಶಾಮಿಯಾನದ ತುಂಬ ನಗು. ಗೌಡರ ಮನೆಯವರು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದ, ನಕ್ಕವರು ತನ್ನವರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವನೂ ನಕ್ಕ. ಅದೇ ಅವನ ಕೆಟ್ಟ ಚಾಳಿ, ಎಲ್ಲರೂ ನಕ್ಕಾಗ ತಾನೂ ನಗುವುದು. ಕಚೇರಿಯಲ್ಲಿ ಒಬ್ಬ ದೊಡ್ಡಮನುಷ್ಯ ಊಟದ ಡಬ್ಬಿ ತೆರೆಯುತ್ತ, 'ಗಂಗಾಧರ್, ನಿಮ್ಮನ್ನ ನೋಡಿದ್ರ ಆ ಪೈಕಿ ಅಂತ ಅನಸಂಗೇ ಇಲ್ಲ ನೋಡ್ರಿ' ಎಂದಾಗಲೂ ನಕ್ಕಿದ್ದ, 'ಥ್ಯಾಂಕ್ಸ್ ರೀ' ಎಂದೂ ಅಂದಿದ್ದ. ಆ ಥ್ಯಾಂಕ್ಸು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇನ್ನೂ ಉಳಿದಿದೆ. ಇದನ್ನೆಲ್ಲ ಸುಕನ್ಯಾಳಿಗೆ ಹೇಳಿದರೆ ಅವಳು, ಅದಕ್ಕೂ ಗಾಲಿಗೂ ಏನು ಸಂಬಂಧ ಎನ್ನುತ್ತಾಳೆ. ಸಂಬಂಧ ಇರುವುದು ಅಗಸಿಯಲ್ಲಿ. ಅದರೊಳಗಿಂದ ಒಮ್ಮೆ ಸದ್ದು ಮಾಡಿಕೊಂಡು ಹೋಗಿಬಿಟ್ಟರೆ ಆ ನಗು, ಈ ಥ್ಯಾಂಕ್ಸು, ಎಡಗಿವಿಯ ಗುಂಯ್ ಎಲ್ಲ ಒಂದೇ ಏಟಿಗೆ ಚುಕ್ತಾ.

ಚಹಾ ಕುಡಿಯುತ್ತ ಫೋನು ತೆರೆದ. ಇದೇ ಮಾದರಿಯ ಗಾಡಿಯ ಮುಂದಿನ ಗಾಲಿ ಜೋಡಿಸುವುದನ್ನು ಯಾರೋ ಪುಣ್ಯಾತ್ಮ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ಬಿಳಿ ಬಟ್ಟೆಯ ಮೇಲೆ ಸಾಮಾನು ಸಾಲಾಗಿ ಇಟ್ಟಿದ್ದ: ಎಕ್ಸಲ್ಲು, ನಟ್ಟು, ವಾಶರು, ಬಳೆಯಂಥ ಒಂದು ಗಿಡ್ಡ ಉಕ್ಕಿನ ಬುಷ್. ಬೇರಿಂಗಿಗೂ ಬ್ರೇಕ್ ಪ್ಲೇಟಿಗೂ ನಡುವೆ ಈ ಬುಷ್ ಕೂರಬೇಕು, ಇದೊಂದು ಇಲ್ಲದಿದ್ದರೆ ನಟ್ಟು ಬಿಗಿದಷ್ಟೂ ಪ್ಲೇಟು ಒಳಗೆ ಸರಿದು ಗಾಲಿಯನ್ನು ಹಿಡಿದುಬಿಡುತ್ತದೆ ಎಂದ. ಗಂಗಾಧರ ಲೋಟ ಕೆಳಗಿಟ್ಟ. ಬುಷ್! ಬೆಳಿಗ್ಗೆ ಬಿಚ್ಚಿದಾಗ ಕಂಡಿತ್ತು. ತೊಳೆದು ಗೋಣಿಚೀಲದ ಮೂಲೆಗಿಟ್ಟಿದ್ದ, ಎಳೆಬಿಸಿಲಿಗೆ ಬೆಳ್ಳಿ ಉಂಗುರದಂತೆ ಹೊಳೆದದ್ದು ಕಣ್ಣಿಗೆ ಕಟ್ಟಿದಂತಿದೆ. ಈಗ ಇಲ್ಲ. ಗೋಣಿಚೀಲ ಎತ್ತಿ ಕೊಡವಿದ. ಗಾಡಿಯ ಕೆಳಗೆ ಮಲಗಿ ನೋಡಿದ. ಚರಂಡಿಗೆ ಕೈ ಹಾಕಿದ. ಇಲ್ಲ.

'ಕಸ ಹೊಡಿಯೋ ಮುಂದ ಕಣ್ಣು ಎಲ್ಲಿದ್ವು ನಿನ್ನವು?' ಎಂದು ಒಳಗೆ ಕೂಗಿದ.

ಸುಕನ್ಯಾ ಬಾಗಿಲಿಗೆ ಬಂದಳು. 'ನಿಮ್ಮ ಗೋಣಿಚೀಲದ ಕಡಿ ನಾ ಹಾದೂ ಇಲ್ಲ. ಸಿಟ್ಟು ಯಾರ ಮ್ಯಾಲೈತಿ, ಅವರ ಮುಂದ ತೋರಸ್ರಿ.'

ಅವಳು ಒಳಗೆ ಹೋದಳು. ಅವಳ ಮಾತು ಅಲ್ಲೇ ಬಾಗಿಲಲ್ಲಿ ನಿಂತಿತ್ತು. ಗಂಗಾಧರ ಮೆಲ್ಲಗೆ ಜಗುಲಿಯ ಕಡೆ ನೋಡಿದ. ಅಪ್ಪ ಬೀದಿಯ ಕಡೆ ನೋಡುತ್ತಿದ್ದ. ಎಡಗೈ ತೊಡೆಯ ಮೇಲಿನ ಎಲೆ ಅಡಿಕೆಯ ಸಂಚಿಯ ಮೇಲಿತ್ತು. ಸಂಚಿಯ ದಾರ ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು. ಚಹಾ ಕುಡಿದಮೇಲೆ ಒಂದು, ರೊಟ್ಟಿ ತಿಂದಮೇಲೆ ಒಂದು, ಬೇಜಾರಾದರೆ ಒಂದು, ಬೇಜಾರಾಗದಿದ್ದರೆ ಎರಡು ಎಂದು ಹಗಲೆಲ್ಲ ಎಲೆ ಜಗಿಯುವ ಮನುಷ್ಯ. ಇವತ್ತು ತುಟಿ ಒಣಗಿ ಬೆಳ್ಳಗಿತ್ತು.

'ಯಪ್ಪಾ, ಇವತ್ತು ಎಲಿ ಹಾಕ್ಕೊಂಡಿಲ್ಲಲ್ಲ ನೀ?'

'ಹಲ್ಲು ನೂಯಾಕತ್ತಾವು.'

'ಸಂಚಿ ಕೊಡಿಲ್ಲಿ.'

'ಯಾಕ? ನೀ ಎಲಿ ತಿನ್ನಾಂವ ಅಲ್ಲಲ್ಲ.'

'ಕೊಡಂದೆ.'

ಕೊಡಲಿಲ್ಲ. ಕಿತ್ತುಕೊಂಡ. ಮುದುಕನ ಬೆರಳು ಬಿಡಿಸುವಾಗ ಅವುಗಳಲ್ಲಿ ಇನ್ನೂ ಎಷ್ಟು ಕಸುವಿದೆ ಎಂದು ಗೊತ್ತಾಯಿತು, ಕಾಲುವೆಯ ಬಾಗಿಲು ಎತ್ತಿಳಿಸಿದ ಬೆರಳು. ಸಂಚಿಯನ್ನು ಫರಸಿಯ ಮೇಲೆ ಸುರಿದ. ಬಾಡಿದ ಎಲೆ, ಅಡಿಕೆ, ತಂಬಾಕಿನ ಚೀಟು, ಸುಣ್ಣದ ಡಬ್ಬಿ, ಎಲ್ಲಕ್ಕೂ ಕೊನೆಗೆ ಠಣ್ ಎಂದು ಬುಷ್. ಸುಣ್ಣ ಹತ್ತಿ ಬೆಳ್ಳಗಾಗಿತ್ತು, ಉರುಳುತ್ತ ಹೋಗಿ ಚಹಾದ ಲೋಟಕ್ಕೆ ಬಡಿದು ಬಿತ್ತು. ಇಬ್ಬರೂ ಅದನ್ನೇ ನೋಡಿದರು. ಮೊದಲು ಗಂಗಾಧರನಿಗೆ ಸಿಟ್ಟೇ ಬರಲಿಲ್ಲ, ಅಳು ಬಂದಂತಾಯಿತು. ಮಿಠಾಯಿ ಬಚ್ಚಿಟ್ಟು ಸಿಕ್ಕಿಬಿದ್ದ ಹುಡುಗನಂತೆ ಅಪ್ಪ ತಲೆ ತಗ್ಗಿಸಿದ್ದ. ಆ ತಗ್ಗಿದ ತಲೆ ನೋಡಿಯೇ ಸಿಟ್ಟು ಬಂದದ್ದು.

'ಸತ್ತಾನ ಆ ಗೌಡ. ಸತ್ತು ಎಷ್ಟು ವರ್ಷಾತು? ಇನ್ನೂ ಅಂಜಿಕಿ ನಿನಗ?'

'ಹೌದು, ಅಂಜಿಕಿ,' ಎಂದ ಯಂಕೋಬ. ತಲೆ ಎತ್ತದೆಯೇ ಎಲೆ ಒಂದೊಂದಾಗಿ ಆರಿಸಿಕೊಳ್ಳತೊಡಗಿದ. 'ಅಂಜಿಕಿ ಇಟ್ಕೊಂಡ ನಿನ್ನ ಓದಿಸೀನಿ. ನೀ ಹೋಗದಾದ್ರ ಕಾರು ಮಾಡ್ಕೊಂಡು ಹೋಗಲೇ. ಬಸ್ಸಿಗೆ ಹೋಗು. ಯಾರು ಬ್ಯಾಡಂದಾರ? ಆ ಗಾಡಿ ಮ್ಯಾಲ ಮಾತ್ರ ಬ್ಯಾಡ.'

'ಅವರು ಒಮ್ಮ್ಯಾರ ಇಳೀ ಅಂತ ಬಾಯಿಬಿಟ್ಟು ಅಂದಿದ್ರೇನು?'

'ಇಲ್ಲ.'

'ಮತ್ತ?'

'ಅನ್ನಾಕ ಬಿಡಬಾರದು ಅಂತನ ಇಳೀತಿದ್ದೆ.' ಯಂಕೋಬ ಈಗ ಮುಖ ಎತ್ತಿದ. 'ಅವರು ಅಂದಮ್ಯಾಲ ಇಳಿದ್ರ ಇಜ್ಜತ್ತು ನಂದು ಹೋಗ್ತಿತ್ತು. ಗಾಡಿ ಕೆಟ್ಟು ಇಳಿದ್ರ ಅದು ಗಾಡಿ ತಪ್ಪು. ಇವತ್ತದು ಕೆಡದ ದಾಟಿದ್ರ ತಪ್ಪು ಯಾರ್ದಾತು? ನಿಮ್ಮವ್ವಗ ಸೈತ ನಾ ಇದನ್ನ ಹೇಳಿದ್ದಿಲ್ಲ.'

ಗಂಗಾಧರನಿಗೆ ಆ ಮಾತು ಒಳಗೆ ಇಳಿಯಿತು, ಇಳಿಯುವುದು ಗೊತ್ತಾಯಿತು. ಅದಕ್ಕೇ ಅದನ್ನು ಅಲ್ಲೇ ತಡೆಯಬೇಕೆನಿಸಿತು. ಇಷ್ಟು ವರ್ಷ ಅಪ್ಪನನ್ನು ಹೇಡಿ ಎಂದು ಲೆಕ್ಕ ಹಾಕಿಕೊಂಡು ಬದುಕಿದ್ದೇನೆ, ಈಗ ಆ ಲೆಕ್ಕ ಬದಲಾದರೆ ನಾನು ಯಾರಾದೆ? ಬುಷ್ ಎತ್ತಿಕೊಂಡು ಅಂಗಿಯ ತುದಿಗೆ ಸುಣ್ಣ ಒರೆಸಿದ. 'ನಾ ನಿನ್ನಂಗಲ್ಲ,' ಎಂದ. ಮೆಲ್ಲಗೆ ಹೇಳಬೇಕೆಂದಿದ್ದ, ಒಳಗಿನ ಸುಕನ್ಯಾಳಿಗೂ ಕೇಳುವಷ್ಟು ಜೋರಾಗಿ ಬಂತು.

ಯಂಕೋಬ ಸಂಚಿಗೆ ಗಂಟು ಹಾಕಿ, 'ಸಂತೋಷ' ಎಂದ.

ಬುಷ್ ಹಾಕಿ ಕೂರಿಸಿದ ಮೇಲೆ ಗಾಲಿಗೆ ಯಾವ ತಕರಾರೂ ಉಳಿಯಲಿಲ್ಲ. ಎಕ್ಸಲ್ಲು ಮೊದಲ ಸಲಕ್ಕೇ ಒಳಹೋಯಿತು. ಕಚ್ಚು ಉಬ್ಬಿಗೆ ಸರಿಯಾಗಿ ಕೂತಿತು. ನಟ್ಟನ್ನು ಮೈಯೆಲ್ಲ ಭಾರ ಹಾಕಿ ಬಿಗಿದ, ಬೆರಳಿನಿಂದ ಗಾಲಿ ತಳ್ಳಿದ. ಸುರ್ರನೆ ತಿರುಗಿತು, ತಂತಿಗಳೆಲ್ಲ ಒಂದಾಗಿ ಬೆಳ್ಳಗಿನ ತಟ್ಟೆಯಂತಾಯಿತು. ನಿಂತೀತು ಎಂದುಕೊಂಡ, ನಿಲ್ಲಲಿಲ್ಲ. ಜಗುಲಿಯಿಂದ ಅಪ್ಪನ ದನಿ ಬಂತು, 'ಕೇಬಲ್ ಸಡ್ಲು ಬಿಟ್ಟೀದಿ. ಬಿಗಿ ಮಾಡು. ಬ್ರೇಕ್ ಇಲ್ದ ಹೋದ್ರ ಅಗಸಿ ಅಲ್ಲ, ನೇರ ಸುಡಗಾಡ.' ಗಂಗಾಧರ ಬಿಗಿ ಮಾಡಿದ. ತಿರುಗಿ ನೋಡುವಷ್ಟರಲ್ಲಿ ಅಪ್ಪ ಒಳಗೆ ಹೋಗಿ ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೋಪಿ ಇಟ್ಟುಕೊಂಡು, ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ. ಗಾಡಿಯ ಹಿಂದೆ ಹೋಗಿ ನಿಂತ.

ಸಿಂಧನೂರು ದಾಟಿ ಕಾಲುವೆಯ ದಾರಿಗೆ ಬಿದ್ದಮೇಲೆ ಗಂಗಾಧರನ ಎದೆ ಹಗುರಾಯಿತು. ಎರಡೂ ಕಡೆ ಬತ್ತ ಮೊಣಕಾಲೆತ್ತರ ನಿಂತಿತ್ತು. ಗಾಡಿ ಒಂದು ಚೂರೂ ಎಳೆಯಲಿಲ್ಲ, ಮುಂದಿನ ಗಾಲಿ ಗೆರೆ ಹೊಡೆದಂತೆ ನೆಟ್ಟಗೆ ಓಡಿತು. ಅಪ್ಪನ ಎರಡು ಕೈ ಅವನ ಹೆಗಲ ಮೇಲಿದ್ದವು. ಹೀಗೆ ಅಪ್ಪ ಎಂದಾದರೂ ತನ್ನನ್ನು ಹಿಡಿದುಕೊಂಡಿದ್ದನೇ? ಮಾತಾಡಬೇಕೆನಿಸಿತು. ನಿನ್ನಂಗಲ್ಲ ಅಂದದ್ದು ತಪ್ಪಾಯಿತು ಎನ್ನಬಹುದಿತ್ತು. ದಾಟಿದ ಮೇಲೆ ಅಂದರಾಯಿತು, ಅಗಸಿ ದಾಟಿದ ಮೇಲೆ ಯಾವ ಮಾತಾದರೂ ಸಲೀಸು ಎಂದುಕೊಂಡ. ಕಚೇರಿಯ ಆ ದೊಡ್ಡಮನುಷ್ಯನಿಗೆ ನಾಳೆ ಊಟದ ಹೊತ್ತಿಗೆ ಏನು ಹೇಳಬೇಕೆಂಬುದನ್ನು ಮನಸ್ಸಿನಲ್ಲೇ ಒಪ್ಪ ಮಾಡಿಕೊಂಡ. ಮುಂದಿನ ಜಯಂತಿಗೆ ಮೈಕು ಹಿಡಿದು, ಗಾದಿಲಿಂಗನ ಕಡೆ ಬೆರಳು ತೋರಿಸಿ, ತಮ್ಮಾ ನಿನ್ನ ಡೌಟಿಗೆ ಉತ್ತರ ಕೊಟ್ಟೀನಿ ನೋಡು ಎನ್ನುವುದನ್ನೂ ಮಾಡಿಕೊಂಡ. ತೂಬು ಬಂತು. ಅದೇ ನೀರಿನ ಸದ್ದು. ಎಡಗೈ ತುರಿಸಿದಂತಾಯಿತು. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೈ ಕೆಳಗೆ ಹೋಗಲಿಲ್ಲ. ತೂಬು ಹಿಂದೆ ಬಿತ್ತು. ದಾಟಿದೆ ಎಂದುಕೊಂಡ ಗಂಗಾಧರನಿಗೆ ಜೋರಾಗಿ ಕೂಗಬೇಕೆನಿಸಿತು.

ಜೆಸಿಬಿ ನಿಂತಿತ್ತು, ಹಳದಿ, ಹಲ್ಲು ಕೆಳಗೆ ಊರಿಕೊಂಡು. ಅದರಾಚೆ ಅಗಸಿ. ಸುಣ್ಣ ಕಾಣದೆ ಎಷ್ಟು ಕಾಲವಾಗಿತ್ತೋ, ಬಾಗಿಲಂತೂ ಎಂದೋ ಹೋಗಿತ್ತು, ಎರಡು ಕಲ್ಲಿನ ಗೋಡೆ, ಮೇಲೊಂದು ಕಮಾನು, ಕಮಾನಿನಲ್ಲಿ ಹುಲ್ಲು. ಇಷ್ಟು ಗಿಡ್ಡವಿತ್ತೇ ಇದು? ಒಳಗೆ ನೆರಳು. ನೆರಳಿನಾಚೆ ಗೌಡರ ಕಟ್ಟೆಯ ಮೇಲೆ ನಾಲ್ಕು ಜನ ಹುಡುಗರು ಫೋನು ನೋಡುತ್ತ ಕೂತಿದ್ದರು. ಇಂಜಿನ್ನಿನ ಸದ್ದು ಕಮಾನಿಗೆ ಬಡಿದು ಎರಡರಷ್ಟಾಯಿತು, ಎಲ್ಲರೂ ತಲೆ ಎತ್ತಿದರು. ನಡುವಿನವನು ಎದ್ದುನಿಂತ. ವಿರೇಶ, ಆದಪ್ಪಗೌಡನ ಮೊಮ್ಮಗ. ಗಾಡಿ ನೋಡುವ ಆಸೆಗೆ ಎದ್ದನೋ, ಹಿರಿಯರು ಬಂದರೆಂದು ಎದ್ದನೋ, ಅಂತೂ ಎದ್ದ. ನಗುತ್ತಲೂ ಇದ್ದ. ಆದರೆ ಆ ಹುಬ್ಬು ತಾತನ ಹುಬ್ಬು. ಗಂಗಾಧರನಿಗೆ ಮುಖವೆಲ್ಲ ಹೋಗಿ ಹುಬ್ಬೊಂದೇ ಕಂಡಿತು. ಅವನು ಏನೂ ಯೋಚಿಸಲಿಲ್ಲ, ನಿಜವಾಗಿ ಏನೂ ಯೋಚಿಸಲಿಲ್ಲ. ಕ್ಲಚ್ಚು ಒತ್ತಿದ್ದು, ಬ್ರೇಕ್ ಹಿಡಿದದ್ದು, ಕೀಲಿ ತಿರುಗಿಸಿದ್ದು ಎಲ್ಲ ಆದಮೇಲೆ ಗೊತ್ತಾಯಿತು. ಸದ್ದು ಸತ್ತು, ಕಾಲು ನೆಲಕ್ಕೆ ಬಂದಿತ್ತು. ಅಗಸಿಯ ಹೊಸ್ತಿಲು, ಆಚೆಗೂ ಅಲ್ಲ ಈಚೆಗೂ ಅಲ್ಲ.

'ಏನಾತ್ರೀ ಸರ್?' ಎಂದು ವಿರೇಶ ಓಡಿಬಂದ.

'ಮುಂದಿನ ಗಾಲಿ ಹಿಡಿಯಾಕತ್ತೈತಿ,' ಎಂದ ಗಂಗಾಧರ. ಎಷ್ಟು ಸಲೀಸಾಗಿ ಬಂತು ಮಾತು! ನಾಲಿಗೆಯ ಹಿಂದೆ ಎಷ್ಟೋ ವರ್ಷದಿಂದ 'ಖರೇ ಐತ್ರಿ ಧಣಿ'ಯ ಪಕ್ಕದಲ್ಲೇ ಕೂತಿದ್ದಂತೆ.

'ಎಜ್ದಿ ಅಲ್ರೀ ಇದು! ಎಂಥಾ ಗಾಡಿ ಇಟ್ಟೀರ್ರಿ ಸರ್! ತಾತಾ, ಆರಾಮೇನು? ಇಳೀರಿ ಇಳೀರಿ, ನೋಡೋಣ.' ವಿರೇಶ ತನ್ನ ಬಿಳಿ ಪ್ಯಾಂಟನ್ನೂ ಲೆಕ್ಕಿಸದೆ ಧೂಳಿನಲ್ಲಿ ಮೊಣಕಾಲೂರಿದ. ಊರಿನ ಹಳೆಯ ಕತೆ ಅವನಿಗೆ ಗೊತ್ತಿತ್ತೋ ಇಲ್ಲವೋ, ಕಣ್ಣಲ್ಲಿ ಗಾಡಿಯ ಆಸೆ ಬಿಟ್ಟು ಬೇರೇನೂ ಇರಲಿಲ್ಲ. ಅದೇ ತಡೆಯಲಾಗದ್ದು. ಒಂದು ವ್ಯಂಗ್ಯವಿದ್ದಿದ್ದರೆ, ಒಂದು ಕುಹಕ ಇದ್ದಿದ್ದರೆ, ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. 'ಸ್ಟ್ಯಾಂಡ್ ಹಾಕ್ರಿ ಸರ್. ಹಿಂದ ಸ್ವಲ್ಪ ಒತ್ತ್ರಿ, ಮುಂದ ಏಳಲಿ.'

ಅಪ್ಪ ಇಳಿದ. ಗಂಗಾಧರ ಸ್ಟ್ಯಾಂಡು ಹಾಕಿ, ಹಿಂದೆ ಹೋಗಿ ಸೀಟಿನ ಮೇಲೆ ಎರಡು ಕೈ ಇಟ್ಟು ಒತ್ತಿದ. ಮುಂದಿನ ಗಾಲಿ ನೆಲ ಬಿಟ್ಟಿತು. ವಿರೇಶ ಬೆರಳಿನಿಂದ ತಳ್ಳಿದ. ಸುರ್ರನೆ ತಿರುಗಿತು. ಹುಡುಗರೆಲ್ಲ ಕಟ್ಟೆ ಇಳಿದು ಬಂದು ಸುತ್ತ ನಿಂತರು. ಗಾಲಿ ತಿರುಗಿತು, ತಿರುಗಿತು, ತಂತಿಗಳೆಲ್ಲ ಒಂದಾಗಿ ಬೆಳ್ಳಗಾಗಿ, ಅಗಸಿಯ ನೆರಳಿನಲ್ಲೂ ಹೊಳೆಯುತ್ತ ತಿರುಗಿತು. ಎಷ್ಟು ಚೆನ್ನಾಗಿ ಜೋಡಿಸಿಬಿಟ್ಟಿದ್ದ! ಒಂದು ಕಡೆಯೂ ತಾಕುವುದಿಲ್ಲ, ಒಂದು ಕಿರ್ ಎನ್ನುವುದಿಲ್ಲ. ನಿಲ್ಲು ಎಂದು ಗಂಗಾಧರ ಒಳಗೊಳಗೇ ಬೇಡಿಕೊಂಡ. ಅದು ನಿಲ್ಲಲಿಲ್ಲ.

'ಹಿಡಿದಿಲ್ಲಲ್ರೀ ಸರ್,' ಎಂದ ವಿರೇಶ ಮುಖ ಎತ್ತಿ. 'ಬೆಣ್ಣಿಯಂಗ ತಿರುಗಾಕತ್ತೈತಿ!'

ಗಂಗಾಧರನ ಬಾಯಿ ತೆರೆಯಿತು, ಆದರೆ ಒಂದು ಸುಳ್ಳಿನ ಮೇಲೆ ಇನ್ನೊಂದು ಇಡುವ ಕಸುಬು ಅವನಿಗಿರಲಿಲ್ಲ. ಇದ್ದವನು ಪಕ್ಕದಲ್ಲಿದ್ದ.

'ಈಗ ತಿರುಗ್ತೈತ್ರಿ, ಸಣ್ಣ ಧಣಿ,' ಎಂದ ಯಂಕೋಬ. ದನಿಯಲ್ಲಿ ಒಂದು ಸುಕ್ಕಿಲ್ಲ. 'ಮ್ಯಾಲ ಇಬ್ಬರು ಕುಂತ್ರ ಹಿಡೀತೈತಿ. ಭಾರಕ್ಕ. ಹಳೇ ಬುಷ್ಷು ನೋಡ್ರಿ, ಸವದೈತಿ. ಮುಂಜಾನಿಂದ ಹೇಳಾಕತ್ತೀನಿ ಇವಂಗ, ಕೇಳಲಿಲ್ಲ.'

'ಹಂಗಾದ್ರ ಸರ್ ಒಬ್ಬರ ಹೊಡ್ಕೊಂಡು ಹೋಗ್ಲಿ ತಾತಾ. ನೀ ನಡ್ಕೊಂಡು ಬಾ, ಇಲ್ಲೇ ಐತಲ್ಲ ಕೇರಿ. ಚಾಲೂ ಮಾಡ್ರಿ ಸರ್, ಆ ಸೌಂಡರ ಕೇಳೋಣ.'

ದಾರಿ ತೆರೆದುಕೊಟ್ಟು ಪಕ್ಕಕ್ಕೆ ಸರಿದೂ ನಿಂತ. ಹುಡುಗರೂ ಸರಿದರು. ಗೌಡರ ಕಟ್ಟೆ ಖಾಲಿಯಾಗಿತ್ತು, ಮೇಲೆ ಒಬ್ಬರೂ ಇರಲಿಲ್ಲ. ಒಂದು ಕಿಕ್ ಹೊಡೆದರೆ ಮುಗಿಯಿತು. ಅಪ್ಪ ಅವನ ಮುಖ ನೋಡುತ್ತಿದ್ದ. ಹೊಡೆ ಎಂದು ನೋಡುತ್ತಿದ್ದನೋ ಬೇಡ ಎಂದೋ, ಗಂಗಾಧರ ಅಪ್ಪನ ಕಣ್ಣಿಗೆ ಕಣ್ಣು ಕೊಡಲಿಲ್ಲ.

'ಇರ್ಲಿ ಬಿಡ್ರಿ,' ಎಂದ. 'ಇಲ್ಲೇ ಸಮೀಪ ಅಲ್ಲ.'

ಯಂಕೋಬ ಬಗ್ಗಿ ಚಪ್ಪಲಿ ಬಿಟ್ಟು ಕೈಗೆ ತೆಗೆದುಕೊಂಡ. ಮಗನನ್ನು ಮೆಲ್ಲಗೆ ಸರಿಸಿ, ಹ್ಯಾಂಡಲಿಗೆ ತಾನೇ ಕೈ ಹಾಕಿದ. ಗಂಗಾಧರ ಹಿಂದೆ ಹೋದ, ಕೆಂಪು ಲೈಟಿಗೆ ಎರಡು ಕೈ ಕೊಟ್ಟ. ಬೆನ್ನು ಈಗ ಬಹಳ ಬಗ್ಗಬೇಕಾಯಿತು, ಅಷ್ಟೇ ವ್ಯತ್ಯಾಸ. ಗಾಡಿ ಮುಂದೆ ಸರಿಯಿತು. ಕಟ್ಟೆ ಬಂತು, ಹೋಯಿತು. ವಿರೇಶ ಹಿಂದಿನಿಂದ, 'ನಾನೂ ನೂಕ್ಲೇನ್ರಿ ಸರ್?' ಎಂದು ಕೂಗಿದ. ಹುಣಸೆಮರ ದಾಟಿ ಕೇರಿಯ ತಿರುವಿನಲ್ಲಿ ಅಪ್ಪ ನಿಂತ, ಹೇಳಿಕೊಡಬೇಕಾದ್ದೇನಿತ್ತು, ಕಾಲಿಗೇ ಗೊತ್ತಿತ್ತು. ಗಾಡಿ ಒರಗಿಸಿ ಕಲ್ಲಿನ ಮೇಲೆ ಕೂತು ಸಂಚಿಯ ಗಂಟು ಬಿಚ್ಚಿದ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಮಗನ ಕಡೆ ಚಾಚಿದ. ಈಗ ಹಲ್ಲು ನೋವಿನ ಮಾತಿರಲಿಲ್ಲ.

'ತಗೋ.'

ಗಂಗಾಧರ ಎಂದೂ ಎಲೆ ತಿಂದವನಲ್ಲ. ತೆಗೆದುಕೊಂಡು ಬಾಯಿಗಿಟ್ಟುಕೊಂಡ. ಸುಣ್ಣ ನಾಲಿಗೆ ಸುಟ್ಟಿತು, ಅದರಲ್ಲಿ ಬುಷ್ಷಿನ ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತು. ಅಪ್ಪ ತನಗೊಂದು ಮಡಿಸಿಕೊಂಡು, ಜಗಿದು, ಉಗುಳಿ, ಚಪ್ಪಲಿ ಮೆಟ್ಟಿಕೊಂಡ.

'ಹೂಂ, ಹೊಡಿ ಈಗ.'

ಒಂದೇ ಕಿಕ್ಕಿಗೆ ಚಾಲೂ ಆಯಿತು.